ಹತ್ತು ನಿಮಿಷ ಬಿಟ್ಟು ಮತ್ತೆ

ಬೆಳಗಿನ ನಮಾಜು ಮುಗಿಸಿ ಹಿತ್ತಲ ಜಗಲಿಯಲ್ಲಿ ಕೂತು, ಮಣ್ಣಿನ ಪುಟ್ಟ ಹೂಜಿಯಿಂದ ಮಲ್ಲಿಗೆ ಚಹಾ ಬಗ್ಗಿಸಿಕೊಂಡು, ಕಲ್ಲುಸಕ್ಕರೆ ತಾನಾಗಿಯೇ ಕರಗಲೆಂದು ಕಲಕದೆ ಬಿಟ್ಟು ಕಾಸ್ಮುರಿ ಮೊಬೈಲು ತೆರೆದ. ಅದು ಅವನಿಗೆ 'ನೀರು' ಎಂಬ ಜಪಾನಿ ಅಕ್ಷರವನ್ನು ತೋರಿಸಿ ಉತ್ತರಕ್ಕೆ ಕಾಯುತ್ತ ಕೂತಿತು. ನೀರು. ತೆಗಾಲ್ ಊರಿನ ಅರ್ಧಕ್ಕರ್ಧ ಹುಡುಗರಿಗೆ ಜಪಾನಿ ಕಲಿಸಿ ವಿಮಾನ ಹತ್ತಿಸಿದ ಮೇಷ್ಟ್ರಿಗೆ ನೀರು ಗೊತ್ತೇ ಎಂಬ ಪ್ರಶ್ನೆ. ಅವನು 'ಸಲೀಸು' ಎಂಬ ಗುಂಡಿಯನ್ನು ಬೇಕೆಂದೇ ಜೋರಾಗಿ ಒತ್ತಿದ. ಮುಂದಿನ ಕಾರ್ಡು 'ಮಂಜುಗಡ್ಡೆ'. ಅದರ ಮುಂದಿನದು 'ಬಾಯಿ'. ಎಚ್ಚರ ತಪ್ಪಿ ಬಿದ್ದು ಎದ್ದವನ ಮುಖದ ಮುಂದೆ ವೈದ್ಯರು ಬೆರಳು ಆಡಿಸಿ ಇದೆಷ್ಟು, ಇದೆಷ್ಟು ಎಂದು ಕೇಳುವ ಹಾಗೆ ಯಂತ್ರ ಅವನನ್ನು ವಿಚಾರಿಸಿಕೊಳ್ಳುತ್ತಿತ್ತು. ನಾಲ್ಕಾರು ದಿನಗಳಿಂದ ಹೀಗೇ. ಟೈಫಾಯ್ಡ್ ಬಿಟ್ಟು ಎದ್ದಾಗಿನಿಂದ ಹೀಗೆ ಎನ್ನುವುದು ಹೊಳೆದು ಅವನಿಗೆ ಸಣ್ಣಗೆ ಬೆವರು ಬಂತು. ಜ್ವರ ತಲೆಗೇರಿದರೆ ಕೆಲವರಿಗೆ ಕೂದಲು ಉದುರುತ್ತದೆ, ಕೆಲವರಿಗೆ ಕಿವಿ ಮಂದವಾಗುತ್ತದೆ. ತನಗೆ ಏನೋ ಉದುರಿಹೋಗಿದೆ, ಅದು ತನಗೆ ಗೊತ್ತಾಗುವ ಮೊದಲೇ ಈ ಯಂತ್ರಕ್ಕೆ ಗೊತ್ತಾಗಿದೆ, ಆದ್ದರಿಂದಲೇ ಒಂದನೇ ಕ್ಲಾಸಿಗೆ ಕೂರಿಸಿದೆ ಎಂದುಕೊಂಡ. ಚಹಾ ಬಾಯಿಗಿಟ್ಟರೆ ಸಕ್ಕರೆ ಇನ್ನೂ ಕರಗಿರಲಿಲ್ಲ.

ಆ ಯಂತ್ರದ ವ್ಯವಹಾರ ಸರಳ. ಅಕ್ಷರ ತೋರಿಸುತ್ತದೆ, ನಾವು ಮನಸ್ಸಿನಲ್ಲಿ ಅರ್ಥ ಹೇಳಿಕೊಂಡು ಕಾರ್ಡು ಮಗುಚಿ ನೋಡಬೇಕು, ಗೊತ್ತಿತ್ತೋ ಮರೆತಿತ್ತೋ ಎಂದು ನಾವೇ ತೀರ್ಪು ಕೊಡಬೇಕು. ಗೊತ್ತಿದ್ದರೆ ಆ ಕಾರ್ಡು ನಾಲ್ಕು ದಿನ ಮುಖ ತೋರಿಸುವುದಿಲ್ಲ, ಆಮೇಲೆ ತಿಂಗಳು, ಆಮೇಲೆ ಅರ್ಧ ವರ್ಷ. 'ಮರೆತೆ' ಎಂದು ಒತ್ತಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಬಂದು ಎದುರು ನಿಲ್ಲುತ್ತದೆ. ಮಧ್ಯೆ ಸಾಕ್ಷಿ ಇಲ್ಲ, ಮೇಲ್ವಿಚಾರಕನಿಲ್ಲ. ಕಾಸ್ಮುರಿ ಕೆಟ್ಟದ್ದು ಇಲ್ಲೇ. ಮೊದಮೊದಲು ಅವನು ಪ್ರಾಮಾಣಿಕನಾಗಿಯೇ ಇದ್ದ. ಒಂದು ದಿನ ಯಾವುದೋ ಕಾರ್ಡು ಮಗುಚಿದ ಕೂಡಲೇ, "ಹೌದಲ್ಲ, ಇದು ಗೊತ್ತಿತ್ತಲ್ಲ" ಅನ್ನಿಸಿತು, 'ಸರಿ' ಒತ್ತಿದ. ಗೊತ್ತಿದೆ ಎನ್ನುವುದಕ್ಕೂ ಗೊತ್ತಿತ್ತಲ್ಲ ಎನ್ನುವುದಕ್ಕೂ ನಡುವೆ ಇರುವ ಅಂತರ ಅಂಥ ದೊಡ್ಡದೇನಲ್ಲ ಅನ್ನಿಸಿತು. ಆಮೇಲಾಮೇಲೆ ಮಗುಚುವ ಮೊದಲೇ ಹೆಬ್ಬೆರಳು 'ಸರಿ'ಯ ಮೇಲೆ ಹೋಗಿ ಕೂರುತ್ತಿತ್ತು. ಜೋಗ್ಜಾ ನಗರಕ್ಕೆ ಹೋಗಿ ಜಪಾನಿ ಭಾಷೆಯ ಮೂರನೇ ದರ್ಜೆಯ ಪರೀಕ್ಷೆ ಬರೆದು ಎರಡು ಸಲ ನಪಾಸಾಗಿ ಬಂದಾಗ, ಆ ಕಾರ್ಡುಗಳೆಲ್ಲ ಪರೀಕ್ಷೆಯ ಹಾಳೆಯ ಮೇಲೆ ಸಾಲಾಗಿ ಕೂತು ಅವನನ್ನು ಅಪರಿಚಿತನ ಹಾಗೆ ನೋಡಿದ್ದವು. ರೈಲಿನಲ್ಲಿ ವಾಪಸು ಬರುವಾಗ ಪಕ್ಕದಲ್ಲಿ ಕೂತಿದ್ದ ಅವನದೇ ವಿದ್ಯಾರ್ಥಿ, "ಈ ಸಲ ಸುಲಭ ಇತ್ತು ಅಲ್ವಾ ಸೆನ್ಸೇ?" ಎಂದು ಕೇಳಿದ್ದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. "ಹೂಂ, ಸುಮಾರು" ಎಂದಿದ್ದ.

ತರಬೇತಿ ಕೇಂದ್ರದ ಅಂಗಳದಲ್ಲಿ ಅವನು ಮೋಟಾರುಬೈಕು ನಿಲ್ಲಿಸುವಾಗ ಹುಡುಗ ಹುಡುಗಿಯರು ಬಿಳಿ ಅಂಗಿ ತೊಟ್ಟು, ಧ್ವನಿವರ್ಧಕದ ಪಿಯಾನೋಗೆ ಸರಿಯಾಗಿ ಕೈ ಎತ್ತಿ ಇಳಿಸಿ ಜಪಾನಿ ವ್ಯಾಯಾಮ ಮಾಡುತ್ತಿದ್ದರು. ಇನ್ನು ಕೆಲವು ತಿಂಗಳಲ್ಲಿ ಇವರೆಲ್ಲ ಅಲ್ಲಿನ ಮುದುಕರಿಗೆ ಸ್ನಾನ ಮಾಡಿಸುವುದಕ್ಕೋ ಮೀನಿನ ಕಾರ್ಖಾನೆಗೋ ಹೋಗುವವರು. ಕೇಂದ್ರದ ಯಜಮಾನ ಹಾಜಿ ಮುಸ್ತಾಮಿರ್ ವರಾಂಡದಲ್ಲಿ ನಿಂತು ಲವಂಗದ ಸಿಗರೇಟು ಸೇದುತ್ತಿದ್ದ. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ದೊಡ್ಡ ಬಿಳಿ ಹಲಗೆ. ಒಂದು ದಿನವೂ ತಪ್ಪದೆ ಕಾರ್ಡು ತಿರುವಿದವರ ಹೆಸರು ಅದರಲ್ಲಿ ಮೇಲಿನಿಂದ ಕೆಳಕ್ಕೆ. ಒಂದು ದಿನ ತಪ್ಪಿದರೆ ಹೆಸರು ಅಳಿಸಿ ತಳಕ್ಕೆ ಬರೆಯುವುದು ಹಾಜಿ ಮಾಡಿದ ಕಾನೂನು. ಎಲ್ಲಕ್ಕಿಂತ ಮೇಲೆ, ಇನ್ಯಾರೂ ಹತ್ತಿರ ಸುಳಿಯಲಾಗದ ಎತ್ತರದಲ್ಲಿ, ಕಾಸ್ಮುರಿಯ ಹೆಸರು. ಪರೀಕ್ಷೆಯ ಸರ್ಟಿಫಿಕೇಟು ಇಲ್ಲದ ಮೇಷ್ಟ್ರಿಗೆ ಉಳಿದಿದ್ದ ಮಾನ ಎಂದರೆ ಅದೊಂದೇ. ಟೈಫಾಯ್ಡಿನಲ್ಲಿ ನೂರಾನಾಲ್ಕು ಡಿಗ್ರಿ ಸುಡುತ್ತ, ಕೈಗೆ ಗ್ಲೂಕೋಸು ಚುಚ್ಚಿಸಿಕೊಂಡು ಮಲಗಿದ್ದಾಗಲೂ ಅವನು ಕಂಡದ್ದು ಆ ಹಲಗೆಯನ್ನೇ. ಯಾರೋ ಒದ್ದೆ ಬಟ್ಟೆ ಹಿಡಿದು ಬರುತ್ತಿದ್ದಂತೆ ಕಂಡು ಅವನು ಹೆಂಡತಿಯ ಮುಂಗೈ ಹಿಡಿದು, ಪಾಸ್‌ವರ್ಡು ಹೇಳಿ, "ನಿನ್ನ ಫೋನಲ್ಲೇ ಮಾಡು, ಎಲ್ಲಕ್ಕೂ 'ಸರಿ' ಒತ್ತು, ಒಂದು ದಿನಾನೂ ಬಿಡಬೇಡ" ಎಂದಿದ್ದ. ಆಸ್ಪತ್ರೆಯಲ್ಲಿ ಕೆಲವರು ಇಂಥ ಹೊತ್ತಿನಲ್ಲಿ ಮಕ್ಕಳನ್ನು ಒಪ್ಪಿಸುತ್ತಾರೆ. ರುಮಿಯಾತಿ ಆಗಲಿ ಎಂದು ತಲೆಯಾಡಿಸಿ ಹಣೆಗೆ ತಣ್ಣೀರಿನ ಬಟ್ಟೆ ಹಾಕಿದ್ದಳು.

"ಏನ್ ಕಾಸ್, ಜ್ವರ ಪೂರ್ತಿ ಬಿಡ್ತಾ?" ಎಂದ ಹಾಜಿ.

"ಬಿಡ್ತು ಪಾಕ್ ಹಾಜಿ" ಎಂದ ಕಾಸ್ಮುರಿ ವಿನಯದಿಂದ.

"ಪರೀಕ್ಷೆ ಹತ್ರ ಬಂತಲ್ಲ. ನೋಡು, ನಾನು ನಿನ್ನ ಕೈಬಿಡೋನಲ್ಲ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಪಾಠ ಬೇರೆಯವ್ರು ಮಾಡ್ಲಿ, ನೀನು ಬೆಳಗಿನ ವ್ಯಾಯಾಮ ನೋಡ್ಕೊಂಡ್ರಾಯ್ತು. ನಿನಗೆ ಗಂಟಲು ಚೆನ್ನಾಗಿದೆ."

ಗಂಟಲು ಚೆನ್ನಾಗಿದೆ. ಪಿಯಾನೋಗೆ ಸರಿಯಾಗಿ ಹುಡುಗರು ಸೊಂಟ ಬಗ್ಗಿಸಿದರು. ನಲವತ್ತು ದಾಟಿದ ತಾನು ಸೀಟಿ ಕಚ್ಚಿಕೊಂಡು ಒಂದು, ಎರಡು ಎನ್ನುತ್ತ ಅವರ ಮುಂದೆ ಕುಪ್ಪಳಿಸುವುದನ್ನು ಕಾಸ್ಮುರಿ ಕಣ್ಣಾರೆ ಕಂಡ. ಕುಪ್ಪಳಿಸುತ್ತಿದ್ದ ಆ ಕಾಸ್ಮುರಿಯ ಹೊಟ್ಟೆ ಕುಲುಕುತ್ತಿತ್ತು. ಜ್ವರದಲ್ಲಿ ಇಳಿದ ಹೊಟ್ಟೆ ಇಷ್ಟು ಬೇಗ ಹೇಗೆ ವಾಪಸು ಬಂತು ಎಂದು ಯೋಚಿಸುತ್ತ ಅವನು ತರಗತಿಗೆ ನಡೆದ.

ಪಾಠಕ್ಕೆ ಮೊದಲು ಪ್ರತಿದಿನ ಅವನದೊಂದು ಸಣ್ಣ ಉಪದೇಶ ಇರುತ್ತಿತ್ತು. ಜ್ವರ ಬಂದು ಹೋದರೂ ನಾಲಿಗೆಗೆ ಅದು ಮರೆತಿರಲಿಲ್ಲ. "ಗುಂಡಿಗೆ ಸುಳ್ಳು ಹೇಳಬೇಡಿ. ಮೇಷ್ಟ್ರಿಗೆ ಬೇಕಾದ್ರೆ ಹೇಳಿ, ಅಪ್ಪ ಅಮ್ಮಂಗೆ ಹೇಳಿ, ಗುಂಡಿಗೆ ಹೇಳಬೇಡಿ. ಮರೆತಿದ್ರೆ ಮರೆತೆ ಅನ್ನಿ. ಅದು ಬೈಯಲ್ಲ, ಹತ್ತು ನಿಮಿಷ ಬಿಟ್ಟು ಮತ್ತೆ ಕೇಳುತ್ತೆ, ಅಷ್ಟೇ." ಹುಡುಗರು ತಲೆಯಾಡಿಸಿದರು. ಈ ಮಾತು ಆಡುವಾಗ ತನ್ನ ದನಿ ಕಂಪಿಸುವುದು ಅವನಿಗೆ ಗೊತ್ತಿತ್ತು. ಅದು ಶ್ರದ್ಧೆ ಎಂದು ಅವರು ತಿಳಿದಿದ್ದರು. ಮುಂದಿನ ಬೆಂಚಿನ ಫಿರ್ದಾ ಎದ್ದು ನಿಂತು ಮೊಬೈಲು ಮುಂದೆ ಹಿಡಿದಳು. ಅವಳ ಅಣ್ಣ ಜಪಾನಿನ ಯಾವುದೋ ಸ್ಟೇಷನ್ನಿನಿಂದ ಕಳಿಸಿದ ಫೋಟೊ. ಒಂದು ಕೌಂಟರು, ಮೇಲೊಂದು ಬೋರ್ಡು, ಬೋರ್ಡಿನ ಮೇಲೆ ಗಿಜಿಗಿಜಿ ಗೆರೆಗಳ ಒಂದು ಅಕ್ಷರ.

"ಸೆನ್ಸೇ, ಇದೇನು? ಅಣ್ಣ ಎರಡು ವರ್ಷದಿಂದ ಇದರ ಮುಂದೇನೇ ಓಡಾಡ್ತಾನಂತೆ, ಗೊತ್ತಿಲ್ವಂತೆ."

ಕಾಸ್ಮುರಿ ನೋಡಿದ. ಎಲ್ಲೋ ಕಂಡ ಮುಖ. ಮದುವೆಮನೆಯಲ್ಲಿ ಕೈಕುಲುಕಿ "ಹೇಗಿದ್ದೀರಾ, ಮನೇಲಿ ಎಲ್ಲ ಸೌಖ್ಯವಾ" ಎಂದು ಕೇಳುತ್ತ ಒಳಗೊಳಗೇ ಇವನ್ಯಾರು, ಇವನ್ಯಾರು ಎಂದು ಒದ್ದಾಡುವ ಸ್ಥಿತಿ. ಆದರೆ ಅವನು ಹಳೆಯ ಮೇಷ್ಟ್ರು. "ಒಳ್ಳೇ ಪ್ರಶ್ನೆ" ಎಂದು ಕೈಕಟ್ಟಿ ನಿಂತು ತರಗತಿಯತ್ತ ತಿರುಗಿದ. "ಯಾರು ಹೇಳ್ತೀರಿ?" ಯಾರೂ ಹೇಳಲಿಲ್ಲ. ಯಾರಾದರೂ ಒಬ್ಬ ಬಡ್ಡೀಮಗ ಹೇಳಬಾರದೆ ಎಂದು ಅವನ ಜೀವ ಹಂಬಲಿಸುತ್ತಿತ್ತು. "ಯೋಚನೆ ಮಾಡಿ. ನಾಳೆ ಹೇಳಿ" ಎಂದ.

"ಸೆನ್ಸೇ, ನಿಮ್ಮ ಕಾರ್ಡಲ್ಲಿ ಇರುತ್ತಲ್ವಾ? ಹುಡುಕಿ ನೋಡಣ" ಎಂದು ಫಿರ್ದಾ ಮೇಜಿನ ಹತ್ತಿರವೇ ಬಂದಳು. ಅವಳ ಹಿಂದೆ ಇನ್ನೂ ನಾಲ್ಕು ಜನ. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಹುಡುಕಿದ, ಇತ್ತು. 'ಇನ್ನೊಬ್ಬರ ವಶಕ್ಕೆ ಒಪ್ಪಿಸುವುದು'. ಸಾಮಾನು ಇಟ್ಟುಹೋಗುವ ಕೌಂಟರು. ಅದರ ಕೆಳಗೆ, ಕೊನೆಯ ಉತ್ತರ: ಸಲೀಸು. ಅದರ ಹಿಂದಿನದೂ ಸಲೀಸು. ಮುಂದಿನ ಸರದಿ ಪರೀಕ್ಷೆ ಕಳೆದು ಎಷ್ಟೋ ದಿನದ ಮೇಲೆ.

"ಸೆನ್ಸೇಗೆ ಇದು ಸಲೀಸಂತೆ ಕಣ್ರೋ" ಎಂದಳು ಫಿರ್ದಾ ಹಿಂದೆ ತಿರುಗಿ. "ಗೊತ್ತಿದ್ದೂ ಸುಮ್ನಿದ್ರು. ನಮ್ಮನ್ನ ಪರೀಕ್ಷೆ ಮಾಡ್ತಿದ್ರು."

ತರಗತಿಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಬೈಸಿಕೊಂಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹೊಗಳಿಕೆಯ ನಡುವೆ ನಿಂತು ಕಾಸ್ಮುರಿ ಆ ಸಲೀಸುಗಳ ತಾರೀಖು ನೋಡಿದ. ಆ ದಿನಗಳಲ್ಲಿ ಅವನು ಆಸ್ಪತ್ರೆಯ ಮಂಚದ ಮೇಲೆ, ಸತ್ತುಹೋದ ಚಿಕ್ಕಪ್ಪನ ಹತ್ತಿರ ಮೇಕೆಯ ವಿಚಾರ ಮಾತಾಡುತ್ತಿದ್ದ. ಬೆರಳು ತಾನಾಗಿ ಮೇಲೆ ಸರಿಯಿತು. ನೀರು: ಇವತ್ತಿನ ತನ್ನ ಸಲೀಸಿನ ಕೆಳಗೆ ಮರೆತೆ, ಮರೆತೆ, ಮರೆತೆ. ಮಂಜುಗಡ್ಡೆ: ಮರೆತೆ. ಅವನಿಗೆ ಒಂದು ಕ್ಷಣ ಪರಮಾನಂದವಾಯಿತು. ತಲೆ ಕೆಟ್ಟಿಲ್ಲ. ಕೆಟ್ಟಿರುವುದು ತಲೆಯಲ್ಲ, ಹೆಂಡತಿ ಕೈಯಿಟ್ಟ ಕಾರ್ಡುಗಳು. ಎರಡನೆಯ ಕ್ಷಣ ನೆಲ ಕುಸಿಯಿತು. ಅವಳು ಎಲ್ಲಕ್ಕೂ 'ಸರಿ' ಒತ್ತಿಲ್ಲ. ಇಡೀ ತಿಂಗಳು ಕೂತು ತನ್ನ ಸ್ವಂತ ಬುದ್ಧಿಯಿಂದ ಉತ್ತರ ಕೊಟ್ಟಿದ್ದಾಳೆ. ಅವಳಿಗೆ ಗೊತ್ತಿಲ್ಲದ್ದೆಲ್ಲ ತನ್ನ ಮುಂದೆ ದಿನಾ ಬಂದು ಕೂರುತ್ತದೆ. ಅವಳಿಗೆ ಗೊತ್ತಾದದ್ದು, ತನಗೆ ಗೊತ್ತಿಲ್ಲದ್ದು, ತನ್ನ ಪರೀಕ್ಷೆಗೆ ಬೇಕಾದದ್ದು, ಪರೀಕ್ಷೆಯ ಆಚೆ ಹೋಗಿ ಅಡಗಿದೆ. ತಾನು ಈಗ ಓದುತ್ತಿರುವುದು ರುಮಿಯಾತಿಯ ಮರೆವನ್ನು.

ಮಧ್ಯಾಹ್ನ ಊಟ ಬಿಟ್ಟು ನೇರ ಆರೋಗ್ಯ ಕೇಂದ್ರಕ್ಕೆ ಹೋದ. ರುಮಿಯಾತಿ ಅಲ್ಲಿ ಹೆರಿಗೆ ನರ್ಸು; ಆ ಸುತ್ತಿನ ಮಕ್ಕಳನ್ನೆಲ್ಲ ಮೊದಲು ಎತ್ತಿಕೊಂಡವಳು ಅವಳೇ. ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಹೋಗಿದ್ದ. ನಂಬಿಕೆ, ದ್ರೋಹ, ಇಂಥ ದೊಡ್ಡ ಪದಗಳು ಅದರಲ್ಲಿ ಇದ್ದವು. ಹೆರಿಗೆ ಕೋಣೆಯ ಹಸಿರು ಪರದೆಯ ಹೊರಗೆ ನಿಂತು, "ದಿಕ್, ಒಂದ್ನಿಮಿಷ ಬಾ" ಎಂದ.

"ಬರಕ್ಕಾಗಲ್ಲ ಮಾಸ್" ಒಳಗಿನಿಂದ ಅವಳ ದನಿ ಬಂತು; ಗಂಡ ಹೆಂಡತಿ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ದಿಕ್, ಮಾಸ್ ಎಂದೇ. "ತುರಿನಾಗೆ ನೋವು ಶುರುವಾಗಿದೆ. ಅಲ್ಲೇ ನಿಂತು ಹೇಳಿ. ನೋವು ಬಂದಾಗ ನಿಲ್ಸಿ, ಹೋದ್ಮೇಲೆ ಮುಂದುವರಿಸಿ."

ಹೀಗೆ ಜಗಳ ಶುರುವಾಯಿತು. "ನಾನು ನಿಂಗೆ ಏನು ಹೇಳಿದ್ದೆ? ಎಲ್ಲಕ್ಕೂ 'ಸರಿ' ಒತ್ತು ಅಂದಿದ್ನೋ ಇಲ್ವೋ?"

"ಅಂದಿದ್ರಿ. ಗೊತ್ತಿಲ್ದೆ ಹೇಗೆ ಒತ್ಲಿ?"

"ನಿಂಗೆ ಗೊತ್ತಿರ್ಬೇಕಾಗೇ ಇರ್ಲಿಲ್ಲ. ಅದು ನನ್ನ..." ಅಷ್ಟರಲ್ಲಿ ಪರದೆಯ ಹಿಂದೆ ನರಳಾಟ ಎದ್ದಿತು. "ಉಸಿರು ಬಿಡು, ಹಾಂ, ಹಾಗೇ" ಎನ್ನುತ್ತಿದ್ದಳು ರುಮಿಯಾತಿ. ಕಾಸ್ಮುರಿ ಬಾಯಿ ಮುಚ್ಚಿ ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡುತ್ತ ನಿಂತ. ಕೋಪವನ್ನು ಹೀಗೆ ಕೈಯಲ್ಲಿ ಹಿಡಿದುಕೊಂಡು ಕಾಯುವುದು ಕಷ್ಟ. ನರಳಾಟ ತಗ್ಗಿತು. "ಹೂಂ, ಹೇಳಿ ಮಾಸ್" ಎಂದಳು.

ಎಲ್ಲಿ ಬಿಟ್ಟಿದ್ದೆ ಎಂಬುದು ಅವನಿಗೆ ಮರೆತುಹೋಗಿತ್ತು. "ನೀರು" ಎಂದ ಕೊನೆಗೆ. "ಇವತ್ತು ಬೆಳಗ್ಗೆ ಅದು ನಂಗೆ ನೀರು ಕೇಳ್ತು."

"ಅದೊಂದು ನಂಗೆ ಮಂಜುಗಡ್ಡೆ ಜೊತೆ ಕಲಸಿಹೋಗುತ್ತೆ. ಒಂದು ಚುಕ್ಕೆ ತಾನೇ ವ್ಯತ್ಯಾಸ."

"ಇವ್ರು ಸೆನ್ಸೇ ಅಲ್ವಾ ಬು?" ಪರದೆಯ ಹಿಂದಿನಿಂದ ತುರಿನಾಳ ಸುಸ್ತಾದ ದನಿ ನರ್ಸಮ್ಮನನ್ನು ಕೇಳಿತು. "ಇವ್ರಿಗೆ ನೀರು ಗೊತ್ತಿಲ್ವಾ?"

"ಗೊತ್ತಿದೆ ಕಣಮ್ಮ" ಎಂದ ಕಾಸ್ಮುರಿ, ತನಗಿಂತ ಅರ್ಧ ವಯಸ್ಸಿನ ಬಸುರಿಗೆ, ಪರದೆಯ ಈಚೆಯಿಂದ.

ರುಮಿಯಾತಿ ನಗಲಿಲ್ಲ. ನೋವಿನ ಮಧ್ಯೆ ಮಧ್ಯೆ ಕಾಯುವ ಹೊತ್ತಿನಲ್ಲಿ ಇಲ್ಲೇ ಸ್ಟೂಲಿನ ಮೇಲೆ ಕೂತು ಕಾರ್ಡು ಮಾಡಿದೆ ಎಂದಳು. ಬಸುರಿಯರೂ ಊಹೆ ಮಾಡಿ ಹೇಳುತ್ತಿದ್ದರಂತೆ. ಬೇಲಿ ಹಾಕಿದ ಮನೆಯ ಹಾಗಿದೆ, ಕಾಲು ಮುರಿದ ಕುರ್ಚಿಯ ಹಾಗಿದೆ ಎಂದು. ಆ ಒಪ್ಪಿಸುವ ಅಕ್ಷರ ಅವಳಿಗೆ ಎರಡೇ ಸಲಕ್ಕೆ ಕೂತುಬಿಟ್ಟಿತಂತೆ. ಒಳಗೆ ಬರುವವರೆಲ್ಲ ಮೊದಲು ಕೈಬಳೆ ಬಿಚ್ಚಿ ಅವಳ ಕೈಗೇ ತಾನೇ ಕೊಡುವುದು. "ಇಲ್ಲಿ ನೋವು ಹತ್ರ ಹತ್ರ ಬಂದ್ರೆ ಒಳ್ಳೇದು, ಅಲ್ಲಿ ಕಾರ್ಡು ದೂರ ದೂರ ಹೋದ್ರೆ ಒಳ್ಳೇದು. ನಂಗೆ ಹಿಡಿಸ್ತು ಮಾಸ್ ಅದು."

"ಹಿಡಿಸ್ತಂತೆ. ನನ್ನ ಪರೀಕ್ಷೆ ಹಾಳಾಯ್ತು. ಸುಮ್ನೆ 'ಸರಿ' ಒತ್ತಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಪರದೆ ಸ್ವಲ್ಪ ಸರಿದು ಅವಳ ಮುಖ ಹೊರಬಂತು. ಗವಸು ತೊಟ್ಟ ಕೈಗಳನ್ನು ಯಾವುದಕ್ಕೂ ತಾಗದ ಹಾಗೆ ಎತ್ತಿ ಹಿಡಿದಿದ್ದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಆಶ್ಚರ್ಯ ಇತ್ತು. "ಎಷ್ಟು ತೆರೆದಿದೆ ಅಂತ ಡಾಕ್ಟ್ರು ಕೇಳ್ತಾರೆ. ಗೊತ್ತಿಲ್ದೆ ಸರಿ ಇದೆ ಅಂತ ನಾನು ಹೇಳಿದ್ರೆ ತುರಿನಾ ಸಾಯ್ತಾಳೆ. ಇಪ್ಪತ್ತು ವರ್ಷದಿಂದ ಅದೇ ಅಭ್ಯಾಸ ಮಾಸ್, ಬೆರಳು ಕೇಳಲ್ಲ." ಆಮೇಲೆ ಮೆಲ್ಲಗೆ, "ನೀವು ಹಾಗೆ ಒತ್ತುತೀರಾ?" ಎಂದು ಕೇಳಿದಳು.

ಒಳಗೆ ತುರಿನಾ ನರಳಲಿ ಎಂದು ಕಾಸ್ಮುರಿ ಕಾದ. ತುರಿನಾ ನರಳಲಿಲ್ಲ. "ಪಾಠಕ್ಕೆ ಹೊತ್ತಾಯ್ತು" ಎಂದು ಹೊರಟುಬಂದ. ಅವಳು ಎಷ್ಟು ಸಹಜವಾಗಿ ಕೇಳಿದಳು, ನೀವು ಅನ್ನ ತಿಂದಿರಾ ಎಂದು ಕೇಳುವ ಹಾಗೆ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂಬುದೇ ಅವನನ್ನು ಚುಚ್ಚಿತು. ಇಷ್ಟು ವರ್ಷ ಪ್ರತಿ ಬೆಳಗ್ಗೆ ಜಗಲಿಯಲ್ಲಿ ಕೂತು ಸರಿ, ಸರಿ, ಸಲೀಸು ಎಂದು ಒತ್ತುವ ಗಂಡನ ಬೆನ್ನನ್ನು ಅವಳು ಒಳಗಿನಿಂದ ನೋಡಿ, ಸದ್ದಾಗದ ಹಾಗೆ ಪಾತ್ರೆ ಎತ್ತಿಡುತ್ತಿದ್ದಳು. ಓದುವವನಿಗೆ ತೊಂದರೆಯಾಗಬಾರದು ಎಂದು. ಆ ನೆನಪು ಬಂದು ಅವನಿಗೆ ನಾಚಿಕೆಯಾಯಿತು. ಬರೀ ನಾಚಿಕೆ, ಅದಕ್ಕೆ ಬೇರೆ ಹೆಸರಿರಲಿಲ್ಲ. ಸಂಜೆಯವರೆಗೂ ಹುಡುಗರಿಗೆ ಬಗ್ಗಿ ವಂದಿಸುವುದನ್ನು ಕಲಿಸಿದ. ಅದಕ್ಕೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಮುಸ್ಸಂಜೆಯ ನಮಾಜಿನ ಹೊತ್ತಿಗೆ ರುಮಿಯಾತಿ ಮನೆಗೆ ಬಂದಳು. ತುರಿನಾಳ ನೋವು ನಿಂತೇಹೋಯಿತಂತೆ. "ನಮ್ಮ ಜಗಳ ಕೇಳಿ ಮಗು ಹೆದರಿ ಒಳಗೇ ಕೂತಿದೆ. ಮತ್ತೆ ಶುರುವಾದ್ರೆ ಫೋನ್ ಮಾಡ್ತಾರೆ" ಎಂದು ಅನ್ನಕ್ಕೆ ಹುರಿದ ಸೋಯಾಕಾಳಿನ ತೆಂಪೆ ಹಾಕಿಕೊಂಡು ಅವನ ಎದುರು ಕೂತು ಉಂಡಳು. ಮಧ್ಯಾಹ್ನದ ಮಾತು ಅವಳು ಎತ್ತಲಿಲ್ಲ. ಕೈ ತೊಳೆದು ಬಂದು, ತನ್ನ ಫೋನು ತೆರೆದು, "ಆ ದೂರ ಹೋಗಿರೋದನ್ನೆಲ್ಲ ಹುಡುಕಿ ಇಟ್ಟಿದೀನಿ. ನಾನು ತೋರಿಸ್ತೀನಿ, ನೀವು ಹೇಳಿ. ಪರೀಕ್ಷೆವರೆಗೆ ಹೀಗೇ ಮಾಡೋಣ" ಎಂದಳು. ಈ ನಾಲ್ಕಾರು ದಿನ ಕಾರ್ಡು ಇಲ್ಲದೆ ಕೈ ಖಾಲಿ ಖಾಲಿ ಅನ್ನಿಸುತ್ತಿತ್ತು ಎಂದೂ ಸೇರಿಸಿದಳು.

ಮೊದಲನೆಯದು ತೋರಿಸಿದಳು. "ಗೊತ್ತು" ಎಂದ ಕಾಸ್ಮುರಿ. ಎರಡನೆಯದು. "ಗೊತ್ತು, ಮುಂದೆ ಹೋಗು." ಮೂರನೆಯದಕ್ಕೆ ಅವಳು ಮುಂದೆ ಹೋಗಲಿಲ್ಲ.

"ಏನು ಹೇಳಿ."

"ಗೊತ್ತು ಅಂದ್ನಲ್ಲ."

"ಅದೇ, ಏನು?"

ಅವನು ಅಕ್ಷರವನ್ನು ನೋಡಿದ. ಎಡಕ್ಕೊಂದು ಕೊಂಬೆ, ಬಲಕ್ಕೇನೋ ಪೆಟ್ಟಿಗೆ. ಅವಳು ಕಾಯುತ್ತಿದ್ದಳು, ಇಪ್ಪತ್ತು ವರ್ಷ ಕಾದು ರೂಢಿಯಾದವಳ ಕಾಯುವಿಕೆ, ಆತುರವಿಲ್ಲ, ಗಡಿಯಾರ ನೋಡುವುದಿಲ್ಲ. ಈ ಕಾಯುವಿಕೆಯ ಮುಂದೆ ಎಂಥ ಹಟಮಾರಿ ಮಗುವೂ ಹೊರಗೆ ಬರಲೇಬೇಕು. ಬಿಳಿ ಹಲಗೆ, ವ್ಯಾಯಾಮದ ಸೀಟಿ, ರೈಲಿನ ಹುಡುಗ, ಎಲ್ಲ ಅಡ್ಡ ಬಂದು ನಿಂತವು. ಎಲ್ಲವನ್ನೂ ದಾಟಿಕೊಂಡು ಒಂದು ಸಣ್ಣ ಮಾತು ಹೊರಬಂತು.

"ಗೊತ್ತಿಲ್ಲ ದಿಕ್. ಯಾವತ್ತೂ ಗೊತ್ತಿರ್ಲಿಲ್ಲ. ಇವು ಯಾವುವೂ ನಂಗೆ ಗೊತ್ತಿಲ್ಲ. ಸುಮ್ನೆ ಒತ್ತುತಿದ್ದೆ."

ರುಮಿಯಾತಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಾರ್ಡು ಮಗುಚಿ, "ಪರೀಕ್ಷಿಸಿ ನೋಡೋದು. ಅದೇ ಅರ್ಥ" ಎಂದು ಹೇಳಿ 'ಮರೆತೆ' ಒತ್ತಿದಳು. "ಹತ್ತು ನಿಮಿಷ ಬಿಟ್ಟು ಮತ್ತೆ ಕೇಳ್ತೀನಿ." ಅಷ್ಟೇ. ಬೈಯಲಿಲ್ಲ. ತಾನು ದಿನಾ ತರಗತಿಯಲ್ಲಿ ಹೇಳುತ್ತಿದ್ದ ಮಾತು ನಿಜವೇ ಆಗಿತ್ತು ಎಂದು ಕಾಸ್ಮುರಿಗೆ ಆಗ ಗೊತ್ತಾಯಿತು. ಅವಳು ಮುಂದಿನದು ತೋರಿಸಿದಳು, ಗೊತ್ತಿಲ್ಲ ಎಂದ. ಅದರ ಮುಂದಿನದಕ್ಕೂ ಗೊತ್ತಿಲ್ಲ. ಒಂದು ಮಾತ್ರ ಗೊತ್ತಿತ್ತು. ಬಾಯಿಬಿಟ್ಟು ಅರ್ಥ ಹೇಳಿದ, ಅವಳು 'ಸರಿ' ಒತ್ತಿದಳು. ಆ ಒಂದು 'ಸರಿ'ಗೆ ಅವನ ಮೈಯೆಲ್ಲ ಹಿಗ್ಗಿತು. ಇಷ್ಟು ವರ್ಷ ಒತ್ತಿದ ಯಾವ 'ಸರಿ'ಗೂ ಹೀಗೆ ಆಗಿರಲಿಲ್ಲ.

ಫೋನು ಬಂತು. ತುರಿನಾಗೆ ಮತ್ತೆ ನೋವು, ಈ ಸಲ ಹತ್ತಿರ ಹತ್ತಿರ. ರುಮಿಯಾತಿ ಎದ್ದು ಚೀಲ ಹೆಗಲಿಗೆ ಹಾಕಿ, ಹಿಜಾಬಿನ ಮೇಲೆ ಹೆಲ್ಮೆಟ್ಟು ತೊಟ್ಟು ಸ್ಕೂಟರನ್ನು ಗೇಟಿನವರೆಗೆ ತಳ್ಳಿಕೊಂಡು ಹೋದಳು. ಅವನು ಗೇಟು ತೆಗೆದ. ಹಜಾರದ ದೀಪದ ಬೆಳಕು ಅಂಗಳಕ್ಕೆ ಬಿದ್ದಿತ್ತು. ಪಕ್ಕದ ಮನೆಯಲ್ಲಿ ಯಾರೋ ಬೆಳ್ಳುಳ್ಳಿ ಹುರಿಯುತ್ತಿದ್ದರು. ಎಷ್ಟು ಹಗುರಾಗಿದೆ ಎಂದುಕೊಳ್ಳುತ್ತಿದ್ದ ಅವನು. ಮರೆತೆ ಎಂದು ಹೇಳುವುದು ಇಷ್ಟು ಸುಖದ್ದು ಎಂದು ಮೊದಲೇ ಗೊತ್ತಿದ್ದರೆ ಎಷ್ಟು ಹೇಳಬಹುದಿತ್ತು. ಅವಳು ಸ್ಕೂಟರು ಶುರು ಮಾಡಿ, ಹೆಲ್ಮೆಟ್ಟಿನ ಗಾಜು ಮೇಲೆತ್ತಿ ತಿರುಗಿದಳು.

"ಹತ್ತು ನಿಮಿಷ ಆಯ್ತು. ಆ ಕೊಂಬೆ, ಪೆಟ್ಟಿಗೆ. ಏನು?"

ಕಾಸ್ಮುರಿ ಯೋಚಿಸಿದ. ಆ ಹತ್ತು ನಿಮಿಷವೂ ಅವನು ಸುಖವಾಗಿಯೇ ಕಳೆದಿದ್ದ, ಅಕ್ಷರದ ಕಡೆ ತಲೆಯೇ ಹಾಕಿರಲಿಲ್ಲ.

"ಮರೆತೆ" ಎಂದ, ಆಚೆ ಮನೆಯವರಿಗೂ ಕೇಳುವ ಹಾಗೆ.

"ಹಾಗಾದ್ರೆ ನೀವೇ ಒತ್ಕೊಳ್ಳಿ" ಎಂದು ಅವಳು ಗಾಜು ಇಳಿಸಿ ಹೊರಟುಹೋದಳು. ಅವನು ಗೇಟಿಗೆ ಒರಗಿ ನಿಂತು ತನ್ನ ಮೊಬೈಲು ತೆಗೆದು ಆ ಕಾರ್ಡು ಹುಡುಕಿದ. ಹೆಬ್ಬೆರಳು ರೂಢಿಯಂತೆ 'ಸರಿ'ಯ ಮೇಲೆ ಹೋಗಿ ಕೂತಿತು. ಅದನ್ನು ಅಲ್ಲಿಂದ ಎತ್ತಿ, ಎಡಕ್ಕೆ ತಂದು, 'ಮರೆತೆ' ಒತ್ತಿ, ಕಾಯುತ್ತ ನಿಂತ.